ಎಲೆಅಡಿಕೆ ಬಾಯಿಯೂ ಕ್ಯಾಮೆರಾದ ಕಣ್ಣೂ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ಯಶೋದ ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ ಜಿಂಕೆಗಳ ಸಿನಿಮಾ ತೆಗೆಯುವ ತಂಡಕ್ಕೆ ಸೇರಿದಳು. ಕ್ಯಾಮೆರಾ ಹಿಡಿಯುವವರ ಸಾಲಿನಲ್ಲಿ ಅವಳ ಹೆಸರಿದೆ. ಮೊನ್ನೆ ಬೆಳಿಗ್ಗೆ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಅವಳ ಸಿನಿಮಾ ಶಾಲೆಯ ಮೇಡಮ್ಮು ಫೋನು ಮಾಡಿ ಹೇಳಿದರು. ಹಿಟ್ಟು ಮೆತ್ತಿದ ಕೈಯಲ್ಲೇ ಹಟ್ಟಿಯ ಅಷ್ಟೂ ಮನೆಗೆ ಹೋಗಿ ಹೇಳಿ ಬಂದೆ. ಹೇಳಿದ್ದು ಮರೆತು ಎರಡು ಮನೆಗೆ ಎರಡೆರಡು ಸಲ ಹೇಳಿದೆ. ದೊಡ್ಡಿಯಲ್ಲಿದ್ದ ಟಗರಿಗೂ ಹೇಳಿದೆ. ಅದು ಮೆಲುಕು ಹಾಕುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿತು, ಆಮೇಲೆ ಮತ್ತೆ ಮೆಲುಕು ಹಾಕಿತು. ಈಗ ಕೇಳದೆ ಉಳಿದವರು ನೀವೇ.

ಸಂತೋಷ ಎನ್ನುವುದು ಒಲೆಯ ಮೇಲಿನ ಹಾಲಿನ ಹಾಗೆ, ಮುಚ್ಚಿಟ್ಟರೂ ಉಕ್ಕುತ್ತದೆ. ಆದರೆ ಹಾಲೆಲ್ಲ ಉಕ್ಕಿದ ಮೇಲೆ ಪಾತ್ರೆಯ ತಳ ನೋಡಿದರೆ ಅಲ್ಲಿ ಸೀದ ಕೆನೆ ಅಂಟಿಕೊಂಡಿರುತ್ತದೆ. ನನ್ನ ಸಂತೋಷದ ತಳದಲ್ಲೂ ಒಂದು ತಪ್ಪು ಹಾಗೆ ಅಂಟಿಕೊಂಡಿದೆ. ಅದನ್ನು ಕೆರೆದು ನಿಮ್ಮ ಮುಂದೆ ಇಟ್ಟುಬಿಡುತ್ತೇನೆ. ಹಟ್ಟಿಯವರಿಗೆ ಹೇಳುವಾಗ ಈ ಭಾಗವನ್ನು ನುಂಗಿಕೊಂಡಿದ್ದೆ. ಆದರೆ ನನ್ನ ಸೊಸೆಗೆ ಗೊತ್ತಿರುವ ವಿಷಯ ಹಟ್ಟಿಗೆ ಗೊತ್ತಿಲ್ಲ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಯಶೋದ ಚಿಕ್ಕವಳಿದ್ದಾಗಿನಿಂದ ನೋಡುವ ಹುಡುಗಿ. ಬೇರೆ ಮಕ್ಕಳು ಕುರಿಮರಿಯ ಹಿಂದೆ ಓಡಿದರೆ ಇವಳು ಒಂದು ಕಡೆ ಕೂತು ಅದು ಓಡುವುದನ್ನೇ ನೋಡುತ್ತಿದ್ದಳು. ಶಿರಾದಲ್ಲಿ ಡಿಗ್ರಿ ಮುಗಿಸಿದ ಮೇಲೆ ಸಿನಿಮಾ ಕ್ಯಾಮೆರಾ ಕಲಿಸುವ ಶಾಲೆಗೆ ಸೇರುತ್ತೇನೆ ಎಂದಳು. ಹೆಣ್ಣು ಹುಡುಗಿಗೆ ಕ್ಯಾಮೆರಾ ಯಾಕೆ ಎಂದು ನಮ್ಮ ಯಜಮಾನರು ಕೇಳಿದರು. ಗಂಡಸರ ಕೈಗೆ ಕೊಟ್ಟದ್ದಕ್ಕೆ ನಮ್ಮ ಮದುವೆ ಫೋಟೋ ಹೆಂಗೆ ಬಂದಿದೆ ನೋಡಿ ಎಂದು ನಾನು ಗೋಡೆ ತೋರಿಸಿದೆ. ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದು ತೆಗೆದವರ ತಪ್ಪಲ್ಲ. ಶಿರಾದ ಬಾಷಾ ಸಾಬರು ಆಗ ಹೊಸದಾಗಿ ಸ್ಟುಡಿಯೋ ಇಟ್ಟಿದ್ದರು. ಅಲ್ಲಾಡಬೇಡಿ ಎಂದರು, ರೆಪ್ಪೆಯೂ ಅಲ್ಲಾಡದಿರಲಿ ಎಂದು ನಾನು ಕಣ್ಣನ್ನೇ ಮುಚ್ಚಿಬಿಟ್ಟೆ. ಅಂತೂ ವಾದದಲ್ಲಿ ಗೆದ್ದೆ, ಹುಡುಗಿ ಶಾಲೆಗೆ ಹೋದಳು.

ಶಾಲೆಯ ಕೊನೆಯ ಪರೀಕ್ಷೆ ಏನೆಂದರೆ, ಒಬ್ಬೊಬ್ಬರಿಗೂ ಮೂರು ದಿನಕ್ಕೆ ದೊಡ್ಡ ಸಿನಿಮಾ ಕ್ಯಾಮೆರಾ ಕೊಡುತ್ತಾರೆ. ಹತ್ತು ನಿಮಿಷದ ಚಿತ್ರ ತೆಗೆದುಕೊಂಡು ಬರಬೇಕು. ಕಾಡಿನ ಸಿನಿಮಾಕ್ಕೆ ಒಬ್ಬರನ್ನು ಆರಿಸುವವರು ಮೇಡಮ್ಮೇ. ಅವರು ಮೊದಲೇ ಹೇಳಿದ್ದರಂತೆ, ಚೆನ್ನಾಗಿ ಚಿತ್ರ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ, ಕಾಡಿನ ಧೂಳಿನಲ್ಲಿ ಕ್ಯಾಮೆರಾದ ಕಣ್ಣನ್ನು ಜೋಪಾನ ಮಾಡುವವರು ನನಗೆ ಬೇಕು ಎಂದು. ಯಶೋದಳಿಗೆ ಆ ಕಾಡೇ ಬೇಕಿತ್ತು. ನಮ್ಮ ಹಟ್ಟಿಯ ಹಿಂದಿನ ದಿಣ್ಣೆ ಹತ್ತಿದರೆ ಕಾಣುವ ಕಾಡು ಅದು. ಅವಳ ತಾತ ಕುರಿ ಕಾಯುವಾಗ ದೂರದಿಂದ ಕಂಡ ಚಿಂಕಾರದ ಕಥೆ ಕೇಳಿಕೊಂಡೇ ಅವಳು ಬೆಳೆದದ್ದು. ಕಥೆಯಲ್ಲಿ ಆ ಜಿಂಕೆ ಒಂದೊಂದು ಸಲ ಒಂದೊಂದು ಎತ್ತರ ಹಾರುತ್ತಿತ್ತು, ಅದು ಬೇರೆ ವಿಷಯ.

ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ನಮ್ಮ ದೊಡ್ಡಿ. ಕುರಿ ಈಯುವುದನ್ನು ತೆಗೆಯುತ್ತೇನೆ ಎಂದಳು. ಜೊತೆಗೆ ಇಬ್ಬರು ಗೆಳತಿಯರು ಬರಬೇಕಿತ್ತು; ಒಬ್ಬಳಿಗೆ ಜ್ವರ, ಇನ್ನೊಬ್ಬಳ ಅಕ್ಕನಿಗೆ ಬಡವನಹಳ್ಳಿಯಲ್ಲಿ ಮದುವೆ. ಒಬ್ಬಳೇ ಬಸ್ಸಿನಿಂದ ಇಳಿದು, ಎರಡು ಕರಿ ಪೆಟ್ಟಿಗೆ ಕೆಳಗಿಟ್ಟು, ಅಜ್ಜಿ, ಈ ಮೂರು ದಿನ ನೀನೇ ನನ್ನ ಅಸಿಸ್ಟೆಂಟು ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅರವತ್ತೈದು ದಾಟಿದ ಮೇಲೆ ಸಿಕ್ಕ ಮೊದಲ ಕೆಲಸ. ನಾನು ಸೀರೆ ಬದಲಾಯಿಸಿಕೊಂಡು ಬಂದೆ.

ಒಳಕೋಣೆಯ ಬಾಗಿಲು ಹಾಕಿ, ಚಾಪೆ ಹಾಸಿ, ಪೆಟ್ಟಿಗೆ ತೆರೆದಳು. ಒಳಗೆ ಕಪ್ಪು ಸ್ಪಂಜು, ಒಂದೊಂದು ವಸ್ತುವಿಗೂ ಅದರದೇ ಅಳತೆಯ ಗುಂಡಿ. ನಡುವೆ ಕ್ಯಾಮೆರಾ, ಸುತ್ತ ಐದು ಲೆನ್ಸು. ಈದ ವಾರದಲ್ಲಿ ಮರಿಗಳನ್ನು ಗೂಡೆಯಲ್ಲಿ ಕವಿಚಿ ಹಾಕುತ್ತೇವಲ್ಲ, ಅವು ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ. ಇವು ನೋಡಿದರೆ ಉಸಿರಾಡುವ ಸದ್ದೂ ಇಲ್ಲದೆ ಮಲಗಿದ್ದವು. ನನ್ನ ಮರಿಗಳು ಇಷ್ಟು ಶಿಸ್ತಾಗಿ ಮಲಗಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು. ಮೂಲೆಯಲ್ಲಿ ಸಣ್ಣ ಬಿಳಿ ಪೊಟ್ಟಣಗಳಿದ್ದವು. ನನ್ನ ಸೊಸೆ, ಅಂದರೆ ಯಶೋದಳ ತಾಯಿ ಪುಟ್ಟಲಕ್ಷ್ಮಿ, ಸಕ್ಕರೆ ಎಂದುಕೊಂಡು ಎರಡನ್ನು ಟೀಗೆ ಎತ್ತಿಕೊಂಡಳು. ಅದು ತೇವ ಹೀರುವ ಹರಳು, ಕುಡಿದರೆ ಸೀದಾ ಆಸ್ಪತ್ರೆ ಎಂದು ಮಗಳು ಕಿತ್ತಿಟ್ಟಳು. ಪುಟ್ಟಲಕ್ಷ್ಮಿ ಪಾವಗಡದ ಕಡೆಯವಳು. ಸಿಟ್ಟು, ಗಾಬರಿ ಎರಡಕ್ಕೂ ಅವಳ ಬಾಯಿಗೆ ತೆಲುಗೇ ಬರುವುದು. ಅಯ್ಯೋ ದೇವುಡಾ ಎಂದು ಅಂದಿನಿಂದ ಆ ಕೋಣೆಗೆ ಕಾಲಿಡಲಿಲ್ಲ.

ಆಮೇಲೆ ನನ್ನ ಪಾಠ ಶುರುವಾಯಿತು. ಮೊದಲು ಕೈ ತೊಳೆದು ಬರಬೇಕು. ತೊಳೆದು ಬಂದರೆ, ಒರೆಸಿಕೊಂಡೆಯಾ ಎಂದಳು. ಸೆರಗಿಗೆ ಒರೆಸಿಕೊಂಡೆ ಎಂದರೆ ಮತ್ತೆ ಕಳಿಸಿದಳು, ಸೆರಗಿನಲ್ಲಿ ಎಣ್ಣೆ ಇರುತ್ತದಂತೆ. ಬಿಳಿ ಟವಲಿನಲ್ಲಿ ಒರೆಸಿಕೊಂಡು ಬಂದ ಮೇಲೆ ಕ್ಯಾಮೆರಾವನ್ನು ನನ್ನ ಕೈಗಿಟ್ಟಳು. ಆಗ ತಾನೇ ಹುಟ್ಟಿದ ಮರಿಯಷ್ಟೇ ತೂಕ. ನನ್ನ ಕೈ ತಾನಾಗಿಯೇ ಅದರ ಹೊಟ್ಟೆಯ ಕೆಳಗೆ ಹೋಯಿತು. ಯಶೋದ ಬಿಡದೆ ಹಿಡಿದುಕೊಂಡೇ ಕೇಳಿದಳು.

"ಬಂತಾ ಅಜ್ಜಿ?"

ಏನು ಬಂತಾ ಎಂದು ನಾನು ಬಾಗಿಲ ಕಡೆ ನೋಡಿದೆ. ಅವಳು ವಿವರಿಸಿದಳು. ಸಿನಿಮಾದವರಲ್ಲಿ ಇದು ಕಟ್ಟುನಿಟ್ಟು. ಕ್ಯಾಮೆರಾ ಕೈ ಬದಲಾಗುವಾಗ ಕೊಡುವವರು ಬಂತಾ ಎಂದು ಕೇಳಬೇಕು. ತೆಗೆದುಕೊಳ್ಳುವವರು ಎರಡೂ ಕೈಯಲ್ಲಿ ಹಿಡಿದು, ಅಷ್ಟೂ ತೂಕ ತನ್ನ ಮೇಲೆ ಇಳಿದ ಮೇಲೆ ಬಂತು ಎನ್ನಬೇಕು. ಆ ಮಾತು ಬರುವ ತನಕ ಕೊಟ್ಟವರು ಬಿಡುವ ಹಾಗಿಲ್ಲ. ಬಂತು ಎಂದ ಮೇಲೆ ಏನಾದರೂ ಅದು ಎತ್ತಿಕೊಂಡವರ ಹೊಣೆ. ನನಗೆ ಈ ಪದ್ಧತಿ ಬಹಳ ಹಿಡಿಸಿತು. ನನ್ನ ಜೀವಮಾನದಲ್ಲಿ ಎಷ್ಟೊಂದನ್ನು ಕೇಳದೆಯೇ ಕೈಗೆ ಹಾಕಿ ಹೋಗಿದ್ದಾರೆ: ಒಲೆ, ಮಕ್ಕಳು, ನೂರು ಕುರಿ. ನನ್ನನ್ನು ಧಾರೆ ಎರೆದು ಕೊಡುವಾಗಲೂ ನಮ್ಮ ಯಜಮಾನರನ್ನು ಯಾರೂ ಬಂತಾ ಎಂದು ಕೇಳಲಿಲ್ಲ. ಕೇಳಿದ್ದರೆ ಅವರು ಸ್ವಲ್ಪ ಯೋಚನೆ ಮಾಡುತ್ತಿದ್ದರೋ ಏನೋ.

ಮುಂದಿನ ಪಾಠ ಲೆನ್ಸು ಬದಲಾಯಿಸುವುದು. ಈ ಕ್ಯಾಮೆರಾಕ್ಕೆ ಕಣ್ಣು ಒಂದೇ, ಕನ್ನಡಕ ಐದು ಎಂದು ಇಟ್ಟುಕೊಳ್ಳಿ. ದೂರಕ್ಕೆ ಒಂದು, ಹತ್ತಿರಕ್ಕೆ ಒಂದು, ಅಗಲಕ್ಕೆ ಒಂದು. ಒಂದನ್ನು ಬಿಚ್ಚಿ ಇನ್ನೊಂದನ್ನು ಕೂರಿಸುವ ನಡುವೆ ನಾಲ್ಕು ಕ್ಷಣ ಕ್ಯಾಮೆರಾದ ಬಾಯಿ ತೆರೆದಿರುತ್ತದೆ, ಆ ಬಾಯಿಯ ಒಳಗೆ ಅದರ ಕಣ್ಣುಗುಡ್ಡೆ. ಅದನ್ನು ಸೆನ್ಸಾರು ಎನ್ನುತ್ತಾರೆ, ಅದರ ಮುಂದೆ ಒಂದು ಗಾಜು. ಮೊದಲು ಸ್ವಿಚ್ಚು ಆರಿಸಬೇಕು. ಫ್ಯಾನು ನಿಲ್ಲಿಸಬೇಕು. ಹಾಕುವ ಲೆನ್ಸನ್ನು ಮೊದಲೇ ಮುಚ್ಚಳ ಸಡಿಲಿಸಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಆಮೇಲೆ ಕ್ಯಾಮೆರಾದ ಬಾಯಿ ನೆಲದ ಕಡೆಗೆ ಮಾಡಿ ಬಿಚ್ಚಬೇಕು; ಮೇಲಕ್ಕೆ ಮಾಡಿದರೆ ಗಾಳಿಯ ಧೂಳೆಲ್ಲ ಒಳಗೆ ಇಳಿಯುತ್ತದೆ. ಇದಿಷ್ಟೂ ನನಗೆ ಒಂದೇ ಏಟಿಗೆ ತಲೆಗೆ ಹೋಯಿತು. ಮೂಗಿನಲ್ಲಿ ಲೋಳೆ ತುಂಬಿಕೊಂಡು ಹುಟ್ಟಿದ ಮರಿಯನ್ನು ಹಿಂಗಾಲು ಹಿಡಿದು ತಲೆಕೆಳಗು ಮಾಡುತ್ತೇವಲ್ಲ, ಒಳಗಿನದು ಹೊರಗೆ ಬರಲಿ, ಹೊರಗಿನದು ಒಳಗೆ ಹೋಗದಿರಲಿ ಎಂದು, ಇದೂ ಅದೇ ವಿದ್ಯೆ. ಹಾಗೆಂದು ಹೇಳಿದೆ. ಯಶೋದ ನನ್ನ ಮುಖವನ್ನೇ ನೋಡಿ, ನಮ್ಮ ಕ್ಲಾಸಿನಲ್ಲಿ ಇದು ಅರ್ಥವಾಗಲು ಒಂದು ವಾರ ಬೇಕಾಯಿತು ಅಜ್ಜಿ ಎಂದಳು. ಆ ಮಾತು ನನ್ನನ್ನು ಕೆಡಿಸಿತು.

ಅಭ್ಯಾಸಕ್ಕೆ ಅವಳು ನನಗೆ ನಿಜವಾದ ಲೆನ್ಸು ಕೊಡಲಿಲ್ಲ. ತಿರುಗಿಸಿ ಮುಚ್ಚುವ ಒಂದು ಸ್ಟೀಲು ಡಬ್ಬಿ ತಂದು, ಡಬ್ಬಿಗೊಂದು ಮುಚ್ಚಳಕ್ಕೊಂದು ಕುಂಕುಮದ ಬೊಟ್ಟು ಇಟ್ಟಳು. ಕ್ಯಾಮೆರಾದ ಮೇಲೂ ಲೆನ್ಸಿನ ಮೇಲೂ ಹೀಗೇ ಕೆಂಪು ಬೊಟ್ಟು ಇರುತ್ತದೆ, ಬೊಟ್ಟಿಗೆ ಬೊಟ್ಟು ಕೂಡಿಸಿ ಟಕ್ ಎನ್ನುವವರೆಗೆ ತಿರುಗಿಸಬೇಕು, ಗಾಜು ಮುಟ್ಟಬಾರದು. ನಾನು ಮಧ್ಯಾಹ್ನದವರೆಗೂ ಡಬ್ಬಿ ತಿರುಗಿಸಿದೆ. ನಮ್ಮ ಯಜಮಾನರು ಬಾಗಿಲಲ್ಲಿ ಇಣುಕಿ, ಲೇ, ಖಾಲಿ ಡಬ್ಬಿಗೆ ಪೂಜೆ ಮಾಡ್ತಾ ಇದ್ದೀಯಾ ಎಂದು ಕೇಳಿ ಹೋದರು. ಧೂಳು ಕಂಡರೆ ಹೊಡೆದು ಹಾರಿಸಲು ಒಂದು ರಬ್ಬರಿನ ಬುರುಡೆ ಇತ್ತು, ಅಮುಕಿದರೆ ಪುಸ್ಸೆಂದು ಗಾಳಿ ಬಿಡುವಂಥದ್ದು, ಅದನ್ನೂ ತೋರಿಸಿದ್ದಳು. ಬಾಯಲ್ಲಿ ಊದಬಾರದು ಎಂದು ಮಾತ್ರ ಹೇಳಿರಲಿಲ್ಲ. ಅದನ್ನು ಹೇಳಬೇಕಾದೀತು ಎಂದು ಅವಳಿಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಿಜವಾದ ಕೆಲಸ. ಅಗಲದ ಲೆನ್ಸು ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ, ದೂರದ್ದನ್ನು ಹಾಕಬೇಕು, ಅಷ್ಟರಲ್ಲಿ ಹೊರಗೆ ಚಾರ್ಜಿಗೆ ಹಾಕಿದ್ದ ಅವಳ ಫೋನು ಬಡಿದುಕೊಂಡಿತು. ಮೇಡಮ್ಮಿನದು, ಎತ್ತಲೇಬೇಕು. ಬಂತಾ ಎಂದಳು, ಬಂತು ಕಣವ್ವ ಎಂದೆ. ಬಾಯಿ ನೆಲಕ್ಕೇ ಇರಲಿ ಎಂದು ಹೇಳಿ ಹೋದಳು. ನಾನು ಹಾಗೇ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು? ಒಂದು ಎಲೆ ಮಡಿಸುವಷ್ಟು ಹೊತ್ತು. ಆಮೇಲೆ, ಮುಖ ನೋಡದೆ ಯಾರನ್ನಾದರೂ ಎಷ್ಟು ಹೊತ್ತು ತೊಡೆಯ ಮೇಲೆ ಇಟ್ಟುಕೊಳ್ಳುವುದು ಎನ್ನಿಸಿ ಸ್ವಲ್ಪವೇ ಸ್ವಲ್ಪ ಮೇಲಕ್ಕೆ ತಿರುಗಿಸಿದೆ.

ಏನೆಂದು ಹೇಳಲಿ. ಒಳಗೊಂದು ಪುಟ್ಟ ಗಾಜಿನ ಕಿಟಕಿ. ಪಾರಿವಾಳದ ಕತ್ತಿನ ಹಾಗೆ ಒಂದು ಕಡೆಯಿಂದ ಹಸಿರು, ಇನ್ನೊಂದು ಕಡೆಯಿಂದ ನೇರಳೆ. ಅದರೊಳಗೆ ನನ್ನ ಮುಖವೂ ಸಾಸಿವೆಯಷ್ಟು ಕಂಡಿತು. ನಮ್ಮ ದಿಣ್ಣೆ, ಕಾಡು, ಕುರಿ, ಮೋಡ, ಎಲ್ಲವೂ ಈ ಬೆಂಕಿಪೆಟ್ಟಿಗೆಯಷ್ಟು ಕಿಟಕಿಯಿಂದಲೇ ಒಳಗೆ ಹೋಗುವುದಂತೆ. ಕೈ ಮುಗಿಯೋಣ ಎಂದರೆ ಎರಡೂ ಕೈಯಲ್ಲಿ ಅದೇ ಇದೆ. ಆಗ ಕಂಡಿತು, ಗಾಜಿನ ಮೇಲೆ ಒಂದು ಎಳೆ ಕುರಿಯ ತುಪ್ಪಟ. ನನ್ನ ಸೀರೆಯಿಂದಲೇ ಬಿದ್ದಿರಬೇಕು. ಐವತ್ತು ವರ್ಷದಿಂದ ಮರಿಗಳ ಮೂಗಿಗೆ ಊದಿ ಊದಿ ಉಸಿರು ಬರಿಸಿದ ಬಾಯಿ ಇದು. ನಾನು ಊದಲಿಲ್ಲ, ಅದೇ ಊದಿತು. ಬಾಯಲ್ಲಿ ಎಲೆಅಡಿಕೆ ಇತ್ತು.

ತುಪ್ಪಟವೇನೋ ಹಾರಿಹೋಯಿತು. ಅದರ ಜಾಗದಲ್ಲಿ ಸಣ್ಣಗೆ ಕೆಂಪು ಹನಿ ಎರಚಿತ್ತು. ಒರೆಸೋಣ ಎಂದು ಸೆರಗು ಹಿಡಿದ ಕೈ ಮೇಲೆ ಬಂದದ್ದೂ ನಿಜ; ಗಾಜು ಮುಟ್ಟಬಾರದು ಎಂಬ ಮಾತು ನೆನಪಾಗಿ ಅಲ್ಲೇ ನಿಂತಿತು. ಒಣಗಿದರೆ ಕಾಣುವುದಿಲ್ಲ ಎಂದುಕೊಂಡೆ. ಮಾಡಿದ ತಪ್ಪು ಒಣಗಿದರೆ ಕಾಣುವುದಿಲ್ಲ ಎಂದು ಈ ವಯಸ್ಸಿನಲ್ಲೂ ಅಂದುಕೊಳ್ಳುವ ನನ್ನ ಧೈರ್ಯವನ್ನು ಮೆಚ್ಚಬೇಕು. ಬಾಯಿ ಮತ್ತೆ ನೆಲಕ್ಕೆ ಮಾಡಿ ಕೂತೆ. ಯಶೋದ ಬಂದಳು, ನಾನು ಬಂತಾ ಎಂದೆ, ಅವಳು ಬಂತು ಎಂದಳು, ದೂರದ ಲೆನ್ಸು ಟಕ್ಕೆಂದು ಕೂತಿತು.

ಇಳಿಹೊತ್ತಿಗೆ ದಿಣ್ಣೆಯ ಮೇಲೆ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಬಿಗಿದು, ಪಕ್ಕದ ಪುಟ್ಟ ಟೀವಿಯಲ್ಲಿ ಆಕಾಶ ತೋರಿಸಿದಳು. ಆಕಾಶದಲ್ಲಿ ಮೂರು ಚುಕ್ಕೆ. ನಮ್ಮ ಯಜಮಾನರು ಬಗ್ಗಿ ನೋಡಿ ಹದ್ದು ಎಂದರು. ಮೂರು ಹದ್ದೂ ಯಾಕೆ ಅಲ್ಲಾಡುತ್ತಿಲ್ಲ ಎಂದಳು ಯಶೋದ. ಗಾಳಿಯಲ್ಲಿ ರೆಕ್ಕೆ ಬಿಚ್ಚಿ ನಿಂತಿವೆ, ನನಗೆ ಗೊತ್ತಿಲ್ಲವಾ ಎಂದರು. ನಾವು ಮೂವರೂ ಕತ್ತೆತ್ತಿ ಆಕಾಶ ನೋಡಿದೆವು. ಬರಿಗಣ್ಣಿಗೆ ಒಂದೂ ಇಲ್ಲ. ಅವಳು ಕ್ಯಾಮೆರಾವನ್ನು ಗುಡ್ಡದ ಕಡೆ ತಿರುಗಿಸಿದಳು, ಹದ್ದುಗಳು ಗುಡ್ಡದ ಮೇಲೆ ಬಂದು ಕೂತವು. ಕುರಿಯ ಕಡೆ ತಿರುಗಿಸಿದಳು, ಕುರಿಯ ಬೆನ್ನಿನ ಮೇಲೆ ಕೂತವು. ಕೊನೆಗೆ ನಮ್ಮ ಯಜಮಾನರ ಕಡೆ ತಿರುಗಿಸಿದಾಗ ಅವರ ರುಮಾಲಿನ ಮೇಲೇ ಮೂರೂ ಸಾಲಾಗಿ ಕೂತವು. ಅವರು ರುಮಾಲು ಬಿಚ್ಚಿ ಒದರಿದರು.

ನಗು ಬರಬೇಕಿತ್ತು, ಯಶೋದಳ ಮುಖ ನೋಡಿ ಬರಲಿಲ್ಲ. ಅವಳು ಮನೆಗೆ ಬಂದು ಲೆನ್ಸು ಬದಲಾಯಿಸಿದಳು, ಚುಕ್ಕೆ ಹೋಗಲಿಲ್ಲ. ಇನ್ನೊಂದು ಹಾಕಿದಳು, ಹೋಗಲಿಲ್ಲ. ಆಮೇಲೆ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಮೊಣಕಾಲಿಗೆ ಗದ್ದ ಆನಿಸಿ ಕೂತಳು. ನಾನೇ ಎಲ್ಲೋ ಧೂಳು ಬೀಳಿಸಿಕೊಂಡೆ, ಮೊದಲ ದಿನವೇ ಕಣ್ಣು ಕೆಡಿಸಿಕೊಂಡವಳನ್ನು ಯಾರು ಕಾಡಿಗೆ ಕಳಿಸುತ್ತಾರೆ ಎಂದು ಬಾಗಿಲಾಚೆ ನಿಂತ ತಾಯಿಗೆ ಹೇಳುತ್ತಿದ್ದಳು. ಅಳುತ್ತಿರಲಿಲ್ಲ. ಅಳುವುದನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆ.

"ಅದು ಧೂಳಲ್ಲ ಕಣವ್ವ," ಎಂದೆ. "ನಾನು ಬಾಯಲ್ಲಿ ಊದ್ಬುಟ್ಟೆ. ಎಲೆಅಡಿಕೆ ಹಾಕ್ಕಂಡಿದ್ದೆ."

ಪುಟ್ಟಲಕ್ಷ್ಮಿ ತೆಲುಗಿನಲ್ಲಿ ಏನೋ ಅಂದಳು. ನನಗೆ ತೆಲುಗು ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಯಶೋದ ಮಾತ್ರ ಬೈಯಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ ಒಂದೇ ಮಾತು ಹೇಳಿದಳು.

"ನೀನು ಬಂತು ಅಂದಿದ್ದೆ ಅಲ್ವೇನಜ್ಜಿ."

ಬೈದಿದ್ದರೆ ವಾಸಿಯಿತ್ತು. ನಾನು ಎದ್ದು ಹೋಗಿ ಎಲೆಅಡಿಕೆ ಚೀಲವನ್ನು ಅಟ್ಟದ ಮೇಲೆ ಎಸೆದು ಬಂದೆ. ಆ ಎಲೆಯ ಜೊತೆಗೆ ನಲವತ್ತು ವರ್ಷದ ಸಂಬಂಧ ನನ್ನದು. ಮಗ ಬಂದು ವಿಷಯ ಕೇಳಿ, ಶಿರಾದಲ್ಲಿ ಬಾಷಾ ಸಾಬರಿದ್ದಾರಲ್ಲ, ಅವರ ಹತ್ತಿರ ಇದಕ್ಕೆ ಮದ್ದು ಇದ್ದೇ ಇರುತ್ತದೆ ಎಂದ. ಬೆಳಿಗ್ಗೆ ಮೊದಲ ಬಸ್ಸಿಗೆ ಅಜ್ಜಿ ಮೊಮ್ಮಗಳು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ದಾರಿಯುದ್ದಕ್ಕೂ ನಾನು ಮೂಗಿನಿಂದಲೇ ಉಸಿರಾಡಿದೆ.

ಬಾಷಾ ಸಾಬರಿಗೆ ಈಗ ಎಪ್ಪತ್ತಾಗಿದೆ. ನನ್ನನ್ನು ನೋಡಿದ ಕೂಡಲೇ, ಕಣ್ಣು ಮುಚ್ಚಿದ ಮದುವೆ ಹೆಣ್ಣು ಎಂದು ಗುರುತಿಸಿದರು. ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿದರು, ಧೂಳು ಏಳದಿರಲಿ ಎಂದು. ಯಶೋದ ಲೆನ್ಸು ಬಿಚ್ಚಿದಳು. ಸಾಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಒರ್ಸಿಲ್ಲ ತಾನೆ ಅಮ್ಮಾ?"

"ಇಲ್ಲ ಸಾಬರೇ. ಸೆರಗು ಹಿಡಿದಿದ್ದೆ, ಬುಟ್ಟೆ."

"ಖುದಾ ಕಾಪಾಡ್ದ. ಇದ್ರಾಗೆ ಸುಣ್ಣ ಐತೆ. ಒರ್ಸಿದ್ರೆ ಗಾಜಿಗೆ ಗೀರು ಬಿದ್ದು ಖತಂ ಆಗೋಗ್ತಿತ್ತು." ಮತ್ತೆ ಬಗ್ಗಿ ನೋಡಿ, "ಕಡ್ಡಿಪುಡಿನೂ ಹಾಕ್ತೀರಾ?" ಎಂದರು.

ಆ ಹೊಗೆಸೊಪ್ಪಿನ ಕಡ್ಡಿಪುಡಿ ಬಿಟ್ಟೆ ಎಂದು ನಾನು ಮನೆಯಲ್ಲಿ ಆಣೆ ಮಾಡಿ ಎರಡು ವರ್ಷವಾಗಿತ್ತು. ಯಶೋದ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ಮದುಮಕ್ಕಳ ಫೋಟೋ ನೋಡಿದೆ. ಇಷ್ಟು ವರ್ಷ ಡಾಕ್ಟರಿಗೆ, ಗಂಡನಿಗೆ, ಸೊಸೆಗೆ ಸಿಕ್ಕದೇ ಇದ್ದದ್ದು ಆ ಬೆಂಕಿಪೆಟ್ಟಿಗೆಯಷ್ಟು ಗಾಜಿಗೆ ಒಂದೇ ಉಸಿರಿಗೆ ಸಿಕ್ಕಿಬಿಟ್ಟಿತ್ತು.

ಸಾಬರು ಬೀರುವಿನಿಂದ ಒಂದು ಪುಟ್ಟ ಬಾಟಲಿಯನ್ನೂ, ತುದಿಗೆ ಮೆತ್ತನೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿಗಳನ್ನೂ ತೆಗೆದರು. ಒಂದೊಂದು ಕಡ್ಡಿಯೂ ಬೇರೆ ಬೇರೆ ಪೊಟ್ಟಣದಲ್ಲಿತ್ತು. ಆಮೇಲೆ ತಮ್ಮ ಬಲಗೈಯನ್ನು ನಮ್ಮ ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಬೇಟಿ, ನೀನೇ ಮಾಡು, ನಾನು ಪಕ್ಕದಲ್ಲಿ ಇರುತ್ತೇನೆ ಎಂದರು. ಶಾಲೆಯಲ್ಲಿ ಒಂದೇ ಒಂದು ಸಲ ಮಾಡಿಸಿದ್ದಾರೆ, ಅದೂ ಹಳೆಯ ಕ್ಯಾಮೆರಾದಲ್ಲಿ ಎಂದಳು ಯಶೋದ. ಸಾಬರು ನಕ್ಕು, ನಾನು ನಿಮ್ಮಜ್ಜಿಯ ಮದುವೆಗೆ ಬಂದಾಗ ಅದೂ ನನ್ನ ಎರಡನೇ ಫೋಟೋ ಎಂದರು. ಇದನ್ನು ಅವರು ಆಗಲೇ ಹೇಳಿದ್ದರೆ ನಾನು ಕಣ್ಣು ತೆರೆದಿರುತ್ತಿದ್ದೆ.

ಅವಳು ಕ್ಯಾಮೆರಾದ ಬಾಯಿ ನೆಲಕ್ಕೆ ಮಾಡಿ, ಕೆಳಗಿನಿಂದ ರಬ್ಬರಿನ ಬುರುಡೆಯಲ್ಲಿ ನಾಲ್ಕು ಸಲ ಗಾಳಿ ಹೊಡೆದಳು, ಸುಣ್ಣದ ಕಣ ಉದುರಲಿ ಎಂದು. ಆಮೇಲೆ ಮೇಜಿನ ಮೇಲಿಟ್ಟು, ಕಡ್ಡಿಗೆ ಎರಡು ಹನಿ ಹಾಕಿ, ಗಾಜಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಎಳೆದಳು. ಆ ಕಡ್ಡಿ ಬಿಸಾಕಿದಳು. ಹೊಸ ಕಡ್ಡಿ, ಮತ್ತೆ ಒಂದೇ ಎಳೆ. ಒಂದನ್ನು ಎರಡು ಸಲ ಮುಟ್ಟಿಸುವ ಹಾಗಿಲ್ಲ. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಮೊಸರನ್ನ ತಿನ್ನಲು ಬಾರದೆ ಕಿವಿಯವರೆಗೂ ಮೆತ್ತಿಕೊಳ್ಳುತ್ತಿದ್ದ ಬೆರಳುಗಳು ಅವು. ಈಗ ಎಳ್ಳಷ್ಟೂ ನಡುಗುತ್ತಿಲ್ಲ. ಅವಳು ಉಸಿರು ಹಿಡಿದಿದ್ದಳು, ಸಾಬರು ಉಸಿರು ಹಿಡಿದಿದ್ದರು, ನಾನಂತೂ ಬೆಳಿಗ್ಗೆಯಿಂದಲೇ ಹಿಡಿದಿದ್ದೆ. ಮೂರನೇ ಕಡ್ಡಿಯಾದ ಮೇಲೆ ಲೆನ್ಸು ಹಾಕಿ ಬಿಳಿ ಗೋಡೆ ತೋರಿಸಿದಳು. ಪುಟ್ಟ ಟೀವಿಯಲ್ಲಿ ಬರೀ ಗೋಡೆ. ಹದ್ದುಗಳು ಹಾರಿಹೋಗಿದ್ದವು. ಅಷ್ಟು ಚೆಂದದ ಗೋಡೆಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಮನೆಗೆ ಬರುವಷ್ಟರಲ್ಲಿ ಕರಿಮೂತಿ ಕುರಿಗೆ ನೋವು ಶುರುವಾಗಿತ್ತು. ನಾನು ಅಸಿಸ್ಟೆಂಟು ಕೆಲಸ ಬಿಟ್ಟು ಸೂಲಗಿತ್ತಿ ಕೆಲಸಕ್ಕೆ ಕೂತೆ. ಯಶೋದ ಅಗಲದ ಲೆನ್ಸಿನಲ್ಲಿ ತೆಗೆಯುತ್ತಿದ್ದಳು. ಮರಿಯ ಕಾಲು ಕಾಣಿಸಿದಾಗ ಅವಳಿಗೆ ಹತ್ತಿರದ ಲೆನ್ಸು ಬೇಕೆನಿಸಿತು. ನೆಲ ಗೊಬ್ಬರ, ಇಡಲು ಜಾಗವಿಲ್ಲ. ಅಭ್ಯಾಸದಂತೆ ಕ್ಯಾಮೆರಾವನ್ನು ನನ್ನ ಕಡೆ ಚಾಚಿ, ಬಂತಾ ಅಜ್ಜಿ ಎಂದಳು. ನನ್ನ ಕೈ ಮೊಣಕೈಯವರೆಗೆ ಲೋಳೆ. ನಿನ್ನೆಯ ನಾನಾಗಿದ್ದರೆ ಸೆರಗಿಗೆ ಒರೆಸಿಕೊಂಡು ಬಂತು ಎನ್ನುತ್ತಿದ್ದೆ.

"ಬರ್ಲಿಲ್ಲ ಕಣವ್ವ," ಎಂದೆ. "ಕೈ ಗಲೀಜಾಗೈತೆ. ನೀನೇ ಇಟ್ಕ."

ಅವಳು ಇದ್ದ ಲೆನ್ಸಿನಲ್ಲೇ ಮುಂದುವರಿಸಿದಳು. ಅಷ್ಟರಲ್ಲಿ ಮರಿ ಬಿತ್ತು. ಉಸಿರಿಲ್ಲ. ಆಮೇಲೆ ನನಗೆ ಕ್ಯಾಮೆರಾ ನೆನಪಿಲ್ಲ, ಪರೀಕ್ಷೆ ನೆನಪಿಲ್ಲ. ಹಿಂಗಾಲು ಹಿಡಿದು ಬಾಯಿ ನೆಲಕ್ಕೆ ಮಾಡಿದೆ, ಲೋಳೆ ತೆಗೆದೆ, ಮೂಗಿಗೆ ಬಾಯಿಟ್ಟು ಊದಿದೆ. ಒಂದು, ಎರಡು, ಮೂರು. ನಾಲ್ಕನೇ ಸಲಕ್ಕೆ ಅದು ಸೀನಿ, ನನ್ನ ಮುಖಕ್ಕೆಲ್ಲ ಎರಚಿ, ಮ್ಯಾ ಎಂದಿತು. ಕ್ಯಾಮೆರಾಕ್ಕೆ ನಾನು ಮಾಡಿದ್ದನ್ನು ಮರಿ ನನಗೆ ಮಾಡಿ ತೀರಿಸಿತು.

ಮೂರನೇ ದಿನ ಯಶೋದ ಪೆಟ್ಟಿಗೆ ಹಿಂತಿರುಗಿಸಲು ಹೊರಟಳು. ಪೆಟ್ಟಿಗೆಯ ಜೊತೆಗೆ ಒಂದು ಹಾಳೆ ಹೋಗಬೇಕು, ಕ್ಯಾಮೆರಾಕ್ಕೆ ಏನಾಯಿತು, ಯಾರಿಂದಾಯಿತು, ಏನು ಮಾಡಿದಿರಿ ಎಂದು ಬರೆದು. ಗಾಜು ಈಗ ಚೊಕ್ಕಟವಾಗಿದೆಯಲ್ಲ, ಬರೆಯಬೇಡ ಬುಡು, ಯಾರಿಗೆ ಗೊತ್ತಾಗುತ್ತದೆ ಎಂದು ಅವಳ ತಾತ ಹೇಳಿದರು. ಅವಳು ಪೆನ್ನು ತೆಗೆದುಕೊಂಡು ಬರೆದೇಬಿಟ್ಟಳು. ಓದಿ ಹೇಳು ಎಂದೆ. ಸೆನ್ಸಾರಿನ ಗಾಜಿನ ಮೇಲೆ ಎಲೆಅಡಿಕೆ, ಸುಣ್ಣ, ಕಡ್ಡಿಪುಡಿ. ಕಾರಣ, ಅಸಿಸ್ಟೆಂಟು ಸಣ್ಣೀರಮ್ಮ. ಒರೆಸದೆ ಶಿರಾಕ್ಕೆ ಒಯ್ದು ಶುಚಿ ಮಾಡಲಾಯಿತು. ಸಣ್ಣೀರಮ್ಮ ಎಂದರೆ ನಾನೇ. ಶಾಲೆಯೊಂದರ ಹಾಳೆಯಲ್ಲಿ ನನ್ನ ಹೆಸರು ಬಂದದ್ದು ನಾಲ್ಕನೇ ಕ್ಲಾಸಿನ ಹಾಜರಿ ಪುಸ್ತಕದ ನಂತರ ಇದೇ ಮೊದಲು. ನಾಚಿಕೆಯೂ ಆಯಿತು, ಇನ್ನೊಂದು ಸಲ ಓದು ಎಂದೂ ಹೇಳಿದೆ.

ಆಮೇಲಿನ ಹತ್ತು ದಿನ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ತಿಳಿಯದು. ಯಶೋದ ಮನೆಗೆ ಬಂದು ಫೋನಿನ ಪಕ್ಕದಲ್ಲೇ ಕೂತಿದ್ದಳು. ನಾನು ಎಲೆಅಡಿಕೆಯಿಲ್ಲದ ಬಾಯಲ್ಲಿ ಹುಣಸೆ ಬೀಜ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದೆ. ಕೊನೆಗೆ ಮೊನ್ನೆ ಅಲ್ಲೇ ಕೂತು ಜರಡಿ ಹಿಡಿದಿದ್ದಾಗ ಆ ಫೋನು ಬಂತು. ಹಾಳೆಯನ್ನು ಮೇಡಮ್ಮು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರಂತೆ. ಎಲ್ಲರ ಕ್ಯಾಮೆರಾಕ್ಕೂ ಏನಾದರೊಂದು ಆಗಿತ್ತು, ಬರೆದು ತಂದವಳು ಇವಳೊಬ್ಬಳೇ ಎಂದರಂತೆ. ಇನ್ನೊಂದು ವಿಷಯವನ್ನು ಅವರು ನನಗೇ ಹೇಳಬೇಕೆಂದು ಫೋನು ನನ್ನ ಕೈಗೆ ಕೊಡಿಸಿದರು. ಅಜ್ಜಿ, ಮರಿ ಹುಟ್ಟಿ ಉಸಿರು ಬರುವವರೆಗೂ ನಡುವೆ ಎಲ್ಲೂ ತುಂಡಾಗದೆ ಒಂದೇ ಚಿತ್ರವಾಗಿ ಬಂದಿದೆ, ಹತ್ತಿರಕ್ಕೆ ಹೋಗದೆ ದೂರ ನಿಂತು ನೋಡುವ ತಾಳ್ಮೆ ನಿಮ್ಮ ಮೊಮ್ಮಗಳಿಗೆ ಇದೆ, ಕಾಡಿಗೆ ಅದೇ ಬೇಕು ಎಂದರು. ಆ ತಾಳ್ಮೆ ನನ್ನ ಗಲೀಜು ಕೈಯಿಂದ ಬಂದದ್ದು ಎಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದಷ್ಟೇ ಹೇಳಿ ಫೋನು ಹಿಂದಕ್ಕೆ ಕೊಟ್ಟೆ. ಕೊಡುವಾಗ ಬಂತಾ ಎಂದೆ. ಬಂತಜ್ಜಿ ಎಂದು ಯಶೋದ ಫೋನಿನ ಜೊತೆಗೆ ನನ್ನ ಕೈಯನ್ನೂ ಹಿಡಿದುಕೊಂಡಳು. ಆಗ ಇಬ್ಬರೂ ಅತ್ತೆವು.

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಯಜಮಾನರು ಕುರಿ ಬೇಗ ಹೊಡೆದುಕೊಂಡು ಬಂದಿದ್ದರು, ಮಗ ಕೆಲಸ ಬಿಟ್ಟು ಬಂದಿದ್ದ. ಪುಟ್ಟಲಕ್ಷ್ಮಿ ಹೋಳಿಗೆ ಮಾಡಿದ್ದಳು, ಮುದ್ದೆಯ ಜೊತೆಗೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ನಮ್ಮ ಮನೆಯಲ್ಲಿ ಈಗ ಸಾರಿನ ಪಾತ್ರೆಯೂ ಬಂತಾ ಬಂತು ಎನ್ನದೆ ಕೈ ಬದಲಾಗುವುದಿಲ್ಲ. ಯಜಮಾನರು ಒಂದು ಸಲ ಬಂತು ಎಂದು ಹೇಳುವುದು ಮರೆತು, ಪುಟ್ಟಲಕ್ಷ್ಮಿ ಬಿಡದೆ, ಇಬ್ಬರೂ ಬಿಸಿ ಪಾತ್ರೆ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರು. ನಾನು ಎಲ್ಲರನ್ನೂ ನೋಡಿದೆ. ಹೊಟ್ಟೆ ಆಗಲೇ ತುಂಬಿತ್ತು, ಆದರೂ ಮುದ್ದೆ ಮುರಿದು ಸಾರಿಗೆ ಅದ್ದಿದೆ. ಬೆರಳು ಸುಟ್ಟಿತು. ತಟ್ಟೆಯನ್ನು ಮುಖದ ಹತ್ತಿರ ಎತ್ತಿ, ಆರಲಿ ಎಂದು ಎರಡೂ ಕೆನ್ನೆ ಉಬ್ಬಿಸಿದೆ.

ಸಾಲಿನಲ್ಲಿ ಕೂತಿದ್ದ ನಾಲ್ವರೂ ಒಂದೇ ಸಲಕ್ಕೆ ತಮ್ಮ ತಮ್ಮ ತಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡರು. ನಾನು ಕೆನ್ನೆಯೊಳಗಿನ ಗಾಳಿಯನ್ನು ಹಾಗೇ ನುಂಗಿ, ಸುಡುವ ಸಾರನ್ನು ಸುಡುಸುಡುತ್ತಲೇ ಉಂಡೆ.